ಸಮಸ್ಯೆ ಯಾರದೋ ತೀರ್ಪೂ ಅವರದಾಗಲಿ

ಸಿಡ್ನಿಯ ವಾಯವ್ಯ ಅಂಚಿನ ಸ್ಕೋಫೀಲ್ಡ್ಸ್ ಒಂದು ಕಾಲಕ್ಕೆ ದನ ಮೇಯುತ್ತಿದ್ದ ಬಯಲು. ಪಕ್ಕದಲ್ಲಿದ್ದ ‘ನಿರಿಂಬ’ ನೌಕಾಪಡೆ ನೆಲೆ 1994ರಲ್ಲಿ ಮುಚ್ಚಿತು, ಈಗ ಆ ಆವರಣದಲ್ಲಿ ಕಾಲೇಜುಗಳಿವೆ. ಬಯಲಿನ ತುಂಬ ಹೊಸ ಮನೆಗಳು ಎದ್ದಿವೆ. ಭಾರತದಿಂದ ಬಂದ ಸಂಸಾರಗಳು ಅಲ್ಲಿ ಬಹಳ, ಕನ್ನಡದವರೂ ಸೇರಿ. ಇಂಥ ಬಡಾವಣೆಗಳ ಮಕ್ಕಳ ಮುಂದೆ ಈಗ ಹೊಸ ಬಗೆಯ ಸ್ಪರ್ಧೆಯೊಂದು ಬಂದು ನಿಂತಿದೆ. ನಾಲ್ಕೈದು ವಿದ್ಯಾರ್ಥಿಗಳ ತಂಡ ಸಮಾಜದ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಬೇಕು, ಕೃತಕ ಬುದ್ಧಿಮತ್ತೆ ಬಳಸಿ ಪರಿಹಾರ ರೂಪಿಸಬೇಕು, ಆ ಪರಿಹಾರ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವುದು ಹೇಗೆಂದು ಲೆಕ್ಕ ಒಪ್ಪಿಸಬೇಕು, ಕೊನೆಗೆ ಕೆಲವೇ ನಿಮಿಷಗಳಲ್ಲಿ ತೀರ್ಪುಗಾರರ ಮನಗೆಲ್ಲಬೇಕು. ಇದು ಒಳ್ಳೆಯ ಬೆಳವಣಿಗೆ ಎಂದೇ ನನ್ನ ನಂಬಿಕೆ. ಆದರೆ ಇದರಿಂದ ಊರಿಗೆ ಉಪಯೋಗವಾಗಬೇಕಾದರೆ, ಯಾರ ಸಮಸ್ಯೆಯನ್ನು ಮಕ್ಕಳು ಕೈಗೆತ್ತಿಕೊಂಡಿದ್ದಾರೋ ಅವರೇ ತೀರ್ಪುಗಾರರ ಸಾಲಿನಲ್ಲಿ ಕೂತಿರಬೇಕು.

ಈ ಸ್ಪರ್ಧೆಗಳ ಬೇರು 1984ರಲ್ಲಿದೆ. ಆ ವರ್ಷ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಎಂಬಿಎ ವಿದ್ಯಾರ್ಥಿಗಳು ಮೂಟ್ ಕಾರ್ಪ್ ಎಂಬ ಸ್ಪರ್ಧೆ ಆರಂಭಿಸಿದರು. ಕಾನೂನು ಕಾಲೇಜಿನ ಅಣಕು ನ್ಯಾಯಾಲಯವೇ ಅದಕ್ಕೆ ಮಾದರಿ. 2009ರಲ್ಲಿ ಶುರುವಾದ ಹಲ್ಟ್ ಪ್ರೈಜ್ ಸಮಾಜದ ಸಮಸ್ಯೆಯನ್ನೇ ವಿಷಯವಾಗಿಸಿಕೊಂಡು 10 ಲಕ್ಷ ಡಾಲರ್ ಬಹುಮಾನ ಮುಂದಿಟ್ಟಿತು. 2010ರಲ್ಲಿ ಹುಟ್ಟಿದ ಟೆಕ್ನೊವೇಶನ್ ಹುಡುಗಿಯರಿಗೆಂದೇ ಮೀಸಲು. ಅದರಲ್ಲಿ ಈಗ 8ರಿಂದ 18 ವರ್ಷದವರು ಮೊಬೈಲ್ ಆ್ಯಪ್ ಅಥವಾ ಕೃತಕ ಬುದ್ಧಿಮತ್ತೆಯ ಯೋಜನೆ ಕಟ್ಟುತ್ತಾರೆ. 2015ರಲ್ಲಿ ಅದರ ಮಾಧ್ಯಮಿಕ ಶಾಲಾ ವಿಭಾಗವನ್ನು ಗೆದ್ದವರು ಬೆಂಗಳೂರಿನ ನ್ಯೂ ಹೊರೈಜನ್ ಪಬ್ಲಿಕ್ ಸ್ಕೂಲಿನ ಐವರು ಹುಡುಗಿಯರು. ಅವರ ‘ಸೆಲಿಕ್ಸೊ’ ಒಣ ಕಸ ಮಾರುವವರನ್ನೂ ಕೊಳ್ಳುವವರನ್ನೂ ಜೋಡಿಸುವ ಆ್ಯಪ್. ಹಳೆ ಪೇಪರ್, ಖಾಲಿ ಬಾಟಲಿಗೆ ಗುಜರಿಯವನು ಬೀದಿಗೆ ಬರುವ ಊರಿನಲ್ಲಿ ಬೆಳೆದವರಿಗೆ ಸಹಜವಾಗಿ ಹೊಳೆಯುವ ಯೋಚನೆ ಅದು.

ಆಸ್ಟ್ರೇಲಿಯಕ್ಕೆ ಹತ್ತಿರದ ಉದಾಹರಣೆ 2012ರದು. ಮೈಕ್ರೋಸಾಫ್ಟ್ ನಡೆಸುವ ಇಮ್ಯಾಜಿನ್ ಕಪ್‌ನ ಜಾಗತಿಕ ಅಂತಿಮ ಸುತ್ತು ಆ ವರ್ಷ ಸಿಡ್ನಿಯಲ್ಲಿ ನಡೆಯಿತು. ಆ ಸ್ಪರ್ಧೆಗೆಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಸ್ಟೆತೋಕ್ಲೌಡ್’ ಕಟ್ಟಿದ್ದರು. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಸ್ಟೆತೋಸ್ಕೋಪ್, ಮಗುವಿನ ಎದೆಯ ಸದ್ದನ್ನು ದೂರದ ಕಂಪ್ಯೂಟರಿಗೆ ಕಳಿಸಿ ನ್ಯುಮೋನಿಯಾ ಇದೆಯೇ ಎಂದು ಗುರುತಿಸುವ ತಂತ್ರಾಂಶ. ಐದು ವರ್ಷದೊಳಗಿನ ಮಕ್ಕಳಲ್ಲಿ ಇಂದಿಗೂ ವರ್ಷಕ್ಕೆ ಸುಮಾರು 7 ಲಕ್ಷ ಜೀವ ತೆಗೆಯುವ ರೋಗ ಅದು. ಡಾಕ್ಟರು ಸಿಗದ ಊರುಗಳಲ್ಲೇ ಹೆಚ್ಚು. ಮುಂದೆ ಆ ಯೋಜನೆ ‘ಕ್ಲಿನಿಕ್ಲೌಡ್’ ಎಂಬ ಕಂಪನಿಯಾಗಿ, ಅಮೆರಿಕದ ಮನೆಗಳಲ್ಲಿ ಅಪ್ಪ-ಅಮ್ಮಂದಿರು ಇಟ್ಟುಕೊಳ್ಳುವ ಸ್ಟೆತೋಸ್ಕೋಪ್ ಮತ್ತು ಥರ್ಮಾಮೀಟರಿನ ಜೋಡಿಯಾಗಿ ಮಾರುಕಟ್ಟೆಗೆ ಬಂತು. ವಿದ್ಯಾರ್ಥಿಗಳ ಜಾಣ್ಮೆಯಲ್ಲಿ ಕೊರತೆ ಇರಲಿಲ್ಲ. ಹಣ ಹೂಡುವವರೂ ಕೊಳ್ಳುವವರೂ ಎಲ್ಲಿದ್ದರೋ ಯೋಜನೆ ಆ ಕಡೆ ವಾಲಿತು. ರೋಗದ ಭಾರ ಹೊತ್ತ ತಾಯಂದಿರಿಗೆ ಅದನ್ನು ತಮ್ಮ ಕಡೆ ಎಳೆದುಕೊಳ್ಳುವ ಬಲವಿರಲಿಲ್ಲ.

ಅದೇ ವರ್ಷ ಕಪ್ ಗೆದ್ದದ್ದು ಉಕ್ರೇನ್ ತಂಡ, ಸಂಜ್ಞೆಗಳನ್ನು ಮಾತಾಗಿಸುವ ಕೈಗವಸಿಗೆ. 2016ರಲ್ಲಿ ಅಂಥದ್ದೇ ‘ಸೈನ್‌ಅಲೌಡ್’ ಕೈಗವಸಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 10 ಸಾವಿರ ಡಾಲರಿನ ಲೆಮೆಲ್ಸನ್-ಎಂಐಟಿ ಬಹುಮಾನ ಪಡೆದಾಗ, ಅದೇ ವಿಶ್ವವಿದ್ಯಾಲಯದ ಭಾಷಾವಿಜ್ಞಾನದವರಿಂದ ಬಹಿರಂಗ ಪತ್ರವೇ ಬಂತು. ಅಮೆರಿಕದ ಸಂಜ್ಞಾಭಾಷೆಯಲ್ಲಿ ಹುಬ್ಬು ಏರಿಸಿದರೆ ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆ, ಹುಬ್ಬು ಗಂಟಿಕ್ಕಿದರೆ ಏನು, ಏಕೆ ಎಂಬ ಪ್ರಶ್ನೆ. ಅರ್ಧ ವ್ಯಾಕರಣ ಮುಖದ ಮೇಲಿರುವಾಗ ಕೈಗವಸು ಹಿಡಿಯುವುದು ಏನನ್ನು? ಇನ್ನೂ ಮುಖ್ಯವಾದ ಮಾತೆಂದರೆ, ಕಿವುಡರು ಇನ್ನೊಂದು ಉಪಕರಣ ಹೊತ್ತು ತಿರುಗಬೇಕು, ಕೇಳುವವರು ಮಾತ್ರ ಏನೂ ಕಲಿಯಬೇಕಿಲ್ಲ ಎನ್ನುವ ಎಣಿಕೆ ಅದರೊಳಗೇ ಇದೆ. ಸಂಜ್ಞಾಭಾಷೆಯಲ್ಲೇ ಬದುಕುವ ಒಬ್ಬರ ಕೈಯಲ್ಲಿ ಅಂಕಪಟ್ಟಿ ಇದ್ದಿದ್ದರೆ ಈ ಪ್ರಶ್ನೆ ಮೊದಲ ಸುತ್ತಿನಲ್ಲೇ ಬರುತ್ತಿತ್ತು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ತೊಡಕು ಇನ್ನೂ ಬಿಗಿಯಾಗಿದೆ. ಮೊದಲು ಕೆಲಸ ಮಾಡುವ ಮಾದರಿಯೊಂದನ್ನು ಮುಂದಿಟ್ಟರೆ ತಿಂಗಳುಗಟ್ಟಲೆ ದುಡಿದಿದ್ದಾರೆಂದು ಗೊತ್ತಾಗುತ್ತಿತ್ತು. ಈಗ ಒಂದು ವಾರಾಂತ್ಯದಲ್ಲಿ ನುಣುಪಾದ ಆ್ಯಪ್, ವ್ಯಾಪಾರ ಯೋಜನೆ, ಭಾಷಣ ಮೂರೂ ಸಿದ್ಧವಾಗುತ್ತವೆ. ವೇದಿಕೆಯ ಮೇಲೆ ಕಾಣುವ ಚಂದದಿಂದ ಏನೂ ತಿಳಿಯದು. ಮತ್ತೊಂದು ಕಡೆ, ಈ ತಂತ್ರಾಂಶಗಳಿಗೆ ಇಂಗ್ಲಿಷ್ ಬಂದಷ್ಟು ಚೆನ್ನಾಗಿ ಕನ್ನಡ ಬರುವುದಿಲ್ಲ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಕರ್ನಾಟಕದ ಹಳ್ಳಿಗರಿಗೆ ಕೂಲಿ ಕೊಟ್ಟು ಅವರ ಮೊಬೈಲಿನಲ್ಲೇ ಕನ್ನಡ ವಾಕ್ಯಗಳನ್ನು ಓದಿಸಿ ದನಿ ಸಂಗ್ರಹಿಸಿತು. ಕ್ಷಯರೋಗದ ಬಗ್ಗೆ ಕನ್ನಡದಲ್ಲಿ ಕೇಳಿದರೆ ತಿಳಿಯುವ ತಂತ್ರಾಂಶಕ್ಕೆ ಅದು ಬೇಕಿತ್ತು. ಹಳ್ಳಿಯ ಉಚ್ಚಾರವನ್ನು ಹಳ್ಳಿಯವರಿಂದಲೇ, ಸರಿಯಾದ ಕೂಲಿಗೆ ಪಡೆಯುವ ಈ ಕೆಲಸ ನಿಧಾನದ್ದು, ಮೂರು ನಿಮಿಷದ ವಿಡಿಯೊದಲ್ಲಿ ಮಿಂಚುವಂಥದ್ದಲ್ಲ. ಉಪಯೋಗಕ್ಕೆ ಬರುವುದು ಮಾತ್ರ ಇದೇ.

ಇವರು ಮಕ್ಕಳು, ಕಲಿತರೆ ಸಾಕು, ಸಮಸ್ಯೆ ಬಗೆಹರಿಸುವ ಹೊರೆ ಏಕೆ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಕಲಿಯುವುದು ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ. ಇನ್ನೊಬ್ಬರ ಕಷ್ಟವನ್ನು ದೂರದಿಂದ ಊಹಿಸಿ ಸೊಗಸಾಗಿ ಮಾತಾಡಿದರೆ ಬಹುಮಾನ ಬರುತ್ತದೆ ಎಂಬ ಪಾಠ ಹದಿನಾಲ್ಕರ ವಯಸ್ಸಿನಲ್ಲಿ ಬೇರೂರಿದರೆ ಕೀಳುವುದು ಕಷ್ಟ. ಮಾರುಕಟ್ಟೆಯೇ ಕೊನೆಯ ತೀರ್ಪುಗಾರ ಎನ್ನುವವರ ಮಾತಿನಲ್ಲೂ ಹುರುಳಿದೆ. 1998ರಲ್ಲಿ ಎಂಐಟಿಯ ಸ್ಪರ್ಧೆ ಗೆಲ್ಲದ ಅಕಮಾಯ್ ಮುಂದೆ ದೊಡ್ಡ ಕಂಪನಿಯಾಯಿತು. ಆದರೆ ಕೊಳ್ಳಲು ಹಣವಿಲ್ಲದವರ ದನಿ ಮಾರುಕಟ್ಟೆಯಲ್ಲಿ ಕೇಳಿಸುವುದಿಲ್ಲ. ಅದನ್ನು ಕೇಳಿಸಿಕೊಂಡವರ ಉದಾಹರಣೆ ‘ಎಂಬ್ರೇಸ್’. ಸ್ಟ್ಯಾನ್‌ಫರ್ಡ್‌ನ ತರಗತಿಯೊಂದರಲ್ಲಿ 2007ರಲ್ಲಿ ಹುಟ್ಟಿದ, ಹಸುಗೂಸನ್ನು ಬೆಚ್ಚಗಿಡುವ ಆ ಚೀಲವನ್ನು ಹಿಡಿದು ತಂಡದವರು ಬೆಂಗಳೂರಿಗೆ ಬಂದು ನೆಲೆಸಿದರು. ಡಾಕ್ಟರು 37 ಡಿಗ್ರಿ ಎಂದರೆ ಮಗುವಿಗೆ ಅಷ್ಟು ಶಾಖ ಜಾಸ್ತಿಯಾದೀತೆಂದು ಹೆದರಿ ಕಡಿಮೆ ಇಡುವೆ ಎಂದು ಹಳ್ಳಿಯ ತಾಯಿಯೊಬ್ಬಳು ಹೇಳಿದಾಗ, ಅಂಕಿಯನ್ನೇ ತೆಗೆದು, ಸರಿಯಿದೆ-ಇಲ್ಲ ಎಂದಷ್ಟೇ ತೋರಿಸುವ ಗುರುತು ಹಾಕಿದರು. ಯಾವ ತೀರ್ಪುಗಾರನಿಗೂ ಹೊಳೆಯದ ತಿದ್ದುಪಡಿ ಅದು.

ಸ್ಕೋಫೀಲ್ಡ್ಸ್‌ನ ಮಕ್ಕಳು ಸಮಸ್ಯೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅಲ್ಲಿಗೆ ದೂರವಲ್ಲದ ಪೆನ್‌ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ಬಿಸಿಲು ದಾಖಲಾಯಿತು. ಅಂಥ ದಿನ ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವ, ಇಂಗ್ಲಿಷ್ ಬಾರದ ಅಜ್ಜಿಗೆ ತಲೆ ಸುತ್ತು ಬಂದರೆ ಕನ್ನಡದಲ್ಲಿ ಯಾರನ್ನು ಕೇಳಬೇಕು? ಸರ್ಕಾರದ ದುಭಾಷಿ ಸೇವೆಯ ಸಂಖ್ಯೆ 131 450 ಇದೆಯೆಂದು ಆಕೆಗೆ ಗೊತ್ತಿದೆಯೇ? ಈ ವಿಷಯವನ್ನು ತಂಡವೊಂದು ಎತ್ತಿಕೊಂಡರೆ, ತೀರ್ಪುಗಾರರಲ್ಲಿ ಅರ್ಧದಷ್ಟಾದರೂ ಅಂಥ ಅಜ್ಜ-ಅಜ್ಜಿಯರು ಇರಲಿ, ಪ್ರಶ್ನೋತ್ತರ ಕನ್ನಡದಲ್ಲೇ ನಡೆಯಲಿ. ಬಹುಮಾನದ ಅರ್ಧ ಹಣ ವೇದಿಕೆಯ ಮೇಲೆ ಕೈಗೆ ಬರಲಿ. ಉಳಿದರ್ಧ ಬೇಸಿಗೆ ಕಳೆದ ಮೇಲೆ, ಮಾರ್ಚ್‌ನಲ್ಲಿ, ಆ ಹಿರಿಯರು ತಂಡದ ಪರಿಹಾರವನ್ನು ಇನ್ನೂ ಬಳಸುತ್ತಿದ್ದರೆ ಮಾತ್ರ.