ಕಾವೇರಿಯ ಹೆಸರಿಲ್ಲದ ಮೀನು

ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲುಗಳ ಮೇಲೆ ಕುಳಿತು ಮೀನುಗಳಿಗೆ ಪುರಿಯನ್ನೆರಚಿದ ವಾಚಕರು ಅನೇಕರಿರಬಹುದು. ಪುರಿ ನೀರಿಗೆ ಬೀಳುವಷ್ಟರಲ್ಲಿ ದೊಡ್ಡ ದೊಡ್ಡ ಮೀನುಗಳು ಮುತ್ತಿಕೊಳ್ಳುವ ನೋಟವನ್ನು ಮಕ್ಕಳು ಬಹುಕಾಲ ಮರೆಯರು. ಹಿಂದೊಮ್ಮೆ ನಾನು ಶಾಲೆಯ ಹುಡುಗರನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಒಬ್ಬನು, "ಮೇಷ್ಟ್ರೇ, ಇವೆಲ್ಲವೂ ಒಂದೇ ಜಾತಿಯವೇ?" ಎಂದು ಕೇಳಿದನು. "ಮೀನೆಲ್ಲ ಮೀನೇ ಅಲ್ಲವೇನೋ?" ಎಂದು ಅವನ ಬಾಯಿ ಮುಚ್ಚಿಸಿದೆನು. ಅವನ ಪ್ರಶ್ನೆಯೇ ಸರಿ, ನನ್ನ ಉತ್ತರವೇ ತಪ್ಪೆಂಬುದು ತಿಳಿಯಲು ನನಗೆ ವಿಶ್ರಾಂತಿವೇತನದ ಕಾಲ ಬರಬೇಕಾಯಿತು.

ಮೀನುಗಳನ್ನು ವಿಂಗಡಿಸುವ ಕಾರ್ಯ ನಮ್ಮ ದೇಶಕ್ಕೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ಮಾನಸೋಲ್ಲಾಸದಲ್ಲಿ ಅವುಗಳನ್ನು ಶಲ್ಕವುಳ್ಳವು, ಎಂದರೆ ಹುರುಪೆಯುಳ್ಳವು, ಮತ್ತು ಶಲ್ಕವಿಲ್ಲದವು ಎಂದು ಬೇರ್ಪಡಿಸಿರುವನು. ಯಾವ ವಸ್ತುವನ್ನಾದರೂ ಅರಿಯಲು ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಹಂತಗಳನ್ನು ನಮ್ಮ ನೈಯಾಯಿಕರು ಹೇಳುವರು. ಮೊದಲು ಹೆಸರಿಡಬೇಕು, ಬಳಿಕ ಗುರುತು ಹೇಳಬೇಕು, ಕೊನೆಗೆ ಆ ಗುರುತು ಸಲ್ಲುವುದೇ ಎಂದು ಶೋಧಿಸಬೇಕು. ಈ ಕ್ರಮ ತಪ್ಪಿದರೆ ಆಗುವ ಅನರ್ಥಕ್ಕೆ ಕಾವೇರಿಯ ಬಿಳಿಮೀನೇ ಸಾಕ್ಷಿ.

ಮಹಶೀರ್ ಎಂದು ಪ್ರಸಿದ್ಧವಾದ ಈ ಕುಲದಲ್ಲಿ, ಬೆನ್ನ ಮೇಲೆ ಡುಬ್ಬವೂ ಕಿತ್ತಳೆ ಬಣ್ಣದ ಬಾಲವೂ ಉಳ್ಳ ಒಂದು ಜಾತಿ ಕಾವೇರಿಗೂ ಅದರ ಉಪನದಿಗಳಿಗೂ ಮಾತ್ರ ಸೇರಿದುದು. 1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರ ಗಾಳಕ್ಕೆ ಸಿಕ್ಕಿದ ಮೀನು 120 ಪೌಂಡು ತೂಗಿತು. ಇಷ್ಟು ಕೀರ್ತಿಯಿದ್ದರೂ ಅದಕ್ಕೆ ನಿಶ್ಚಿತವಾದ ಶಾಸ್ತ್ರೀಯ ನಾಮವಿರಲಿಲ್ಲ. ಮತ್ತೊಂದು ಕುಲದ ಮೀನಿನ ಹೆಸರನ್ನು ಬಹುಕಾಲ ಅದಕ್ಕೆ ಹೊರಿಸಿದ್ದರು.

ಇತ್ತ ಅಣೆಕಟ್ಟುಗಳಿಂದಲೂ ಸಿಡಿಮದ್ದಿನ ಬೇಟೆಯಿಂದಲೂ ಮಹಶೀರುಗಳು ಕಡಮೆಯಾಗಲು, 1970ರ ದಶಕದಿಂದ ಲೋಣಾವಳದಲ್ಲಿ ಮರಿಗಳನ್ನು ಬೆಳೆಸಿ ಅನೇಕ ನದಿಗಳಿಗೆ ಬಿಡತೊಡಗಿದರು. ಕಾವೇರಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಆ ಮರಿಗಳು ನೀಲಿ ರೆಕ್ಕೆಯ ಬೇರೊಂದು ಜಾತಿಯವು. 1839ರಲ್ಲಿ ಸೈಕ್ಸ್ ಎಂಬಾತನು ಪುಣೆಯ ಪ್ರಾಂತದಿಂದ ವರ್ಣಿಸಿದ ಜಾತಿಯವು. 1998ರಿಂದ 2012ರ ವರೆಗೆ ಕಾವೇರಿಯಲ್ಲಿ ಗಾಳ ಹಾಕಿ ಹಿಡಿದು ಬಿಡುತ್ತಿದ್ದವರ ಲೆಕ್ಕಗಳನ್ನು ನೋಡಿದರೆ, ನೀಲಿ ರೆಕ್ಕೆಯದು ಹೆಚ್ಚುತ್ತ, ಮೂಲನಿವಾಸಿಯಾದ ಡುಬ್ಬದ ಮೀನು ಕುಗ್ಗುತ್ತ ಬಂದುದು ಸ್ಪಷ್ಟವಾಗುತ್ತದೆ. ಎಲ್ಲವನ್ನೂ ಒಟ್ಟಾಗಿ "ಮಹಶೀರ್" ಎಂದು ಎಣಿಸಿದವನಿಗೆ ಮಾತ್ರ ಹೊಳೆ ತುಂಬಿದಂತೆಯೇ ತೋರುತ್ತಿತ್ತು!

ನೋಡಲು ಒಂದರಂತಿರುವ ಮೀನುಗಳು ಭಿನ್ನಜಾತಿಗಳಾಗುವುದೆಂತು? ಸಿಹಿನೀರಿನ ಮೀನು ನೆಲವನ್ನು ದಾಟಲಾರದು. ಕಡಲಿನ ಉಪ್ಪುನೀರಿನಲ್ಲಿ ಬಾಳಲಾರದು. ಆದುದರಿಂದ ಒಂದೊಂದು ನದಿಯೂ ಒಂದೊಂದು ದ್ವೀಪದಂತೆ. ಬಹುದೀರ್ಘಕಾಲ ಬೇರೆಬೇರೆಯಾಗಿ ಬಾಳಿದ ವಂಶಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗುವುವು. ಓಲೆಗರಿಯ ಗ್ರಂಥವನ್ನು ನಕಲು ಮಾಡುವಾಗ ಒಬ್ಬನ ಕೈತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿಯುವುದಷ್ಟೆ. ಆ ತಪ್ಪುಗಳನ್ನು ಹೋಲಿಸಿಯೇ ಪಂಡಿತರು ಯಾವ ಪ್ರತಿ ಯಾವುದರಿಂದ ಹುಟ್ಟಿತೆಂದು ನಿರ್ಣಯಿಸುವರು. ಜೀವಕೋಶದೊಳಗಿನ ವಂಶಲಿಪಿಯನ್ನೂ ವಿಜ್ಞಾನಿಗಳು ಹೀಗೆಯೇ ಓದುವರು. ರೋಹು ಮೀನಿನಲ್ಲಿ 50 ವರ್ಣತಂತುಗಳಿದ್ದರೆ ಮಹಶೀರಿನಲ್ಲಿ 100 ಇರುವುವು. ಪೂರ್ವದಲ್ಲಿ ಒಮ್ಮೆ ಗ್ರಂಥವೇ ಇಮ್ಮಡಿಯಾದುದರ ಕುರುಹು ಇದು.

ಮೋಯಾರ್ ನದಿಯಲ್ಲಿ ದೊರೆತ ಡುಬ್ಬದ ಮೀನುಗಳ ಅಂಗಲಕ್ಷಣವನ್ನೂ, ತಾಯಿಯಿಂದ ಮಾತ್ರ ಇಳಿದುಬರುವ ವಂಶಲಿಪಿಯ ಭಾಗವನ್ನೂ ಪರೀಕ್ಷಿಸಿದ ವಿಜ್ಞಾನಿಗಳು 2018ರಲ್ಲಿ ಸಂಶಯವನ್ನು ಪರಿಹರಿಸಿದರು. ಕೇರಳದ ಪಾಂಬಾರ್ ಹೊಳೆಯ ಮೀನುಗಳಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೈ ಎಂಬುದೇ ಇದೆಂದು ಸಿದ್ಧವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿಸಂರಕ್ಷಣ ಒಕ್ಕೂಟವು ಅದನ್ನು ಅತ್ಯಂತ ವಿಪತ್ತಿಗೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ದೊರೆತ ವರ್ಷದಲ್ಲಿಯೇ ಅದರ ಅಳಿವಿನ ಭಯವೂ ಪ್ರಕಟವಾಯಿತು.

ಹೆಸರಿಲ್ಲದುದನ್ನು ರಕ್ಷಿಸುವುದು ಹೇಗೆ? ವಿವೇಕವಿಲ್ಲದ ದಯೆಯೂ ಹಾನಿಯನ್ನುಂಟುಮಾಡುವುದೆಂಬುದೇ ಇಲ್ಲಿನ ಪಾಠ. ಮನೆಯ ಗಾಜಿನ ತೊಟ್ಟಿಯ ಮೀನನ್ನು ಪುಣ್ಯವೆಂದು ಕೆರೆಗೋ ಹೊಳೆಗೋ ಬಿಡುವ ಗೃಹಸ್ಥರು ಇದನ್ನು ನೆನೆಯಬೇಕು. ಮಕ್ಕಳು "ಇವೆಲ್ಲವೂ ಒಂದೇ ಜಾತಿಯವೇ?" ಎಂದು ಕೇಳಿದರೆ, ನನ್ನಂತೆ ಬಾಯಿ ಮುಚ್ಚಿಸದೆ, "ಬಾ, ನೋಡೋಣ" ಎಂದು ಅವರೊಡನೆ ಮೆಟ್ಟಿಲಿಳಿಯಬೇಕು.