ಅಲುಗಾಡಿದರೆ ಹೃದಯದ ಚಿತ್ರ ಕೆಡುವುದೇಕೆ?

ಹೃದಯ ಇಡೀ ಮೈಗೆ ರಕ್ತ ಹಂಚುತ್ತದೆ. ಆದರೆ ಹೃದಯದ ಸ್ನಾಯುವಿಗೂ ರಕ್ತ ಬೇಕಲ್ಲವೇ? ಅದನ್ನು ಒದಗಿಸುವವು ಕರೊನರಿ ರಕ್ತನಾಳಗಳು. ಇವು ಕಿರಿದಾದರೆ ಸ್ನಾಯುವಿನ ಒಂದು ಭಾಗಕ್ಕೆ ರಕ್ತ ಸಾಲದಾಗುತ್ತದೆ. ಯಾವ ಭಾಗಕ್ಕೆ ಅಂತ ತಿಳಿಯುವ ಒಂದು ವಿಧಾನ ಸ್ಪೆಕ್ಟ್ ಸ್ಕ್ಯಾನ್.

ಇದಕ್ಕಾಗಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಸೇರಿದ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಇದರ ಅರ್ಧಾಯುಷ್ಯ 6 ಗಂಟೆ. ರಕ್ತ ಚೆನ್ನಾಗಿ ಹರಿಯುವ ಕಡೆ ಸ್ನಾಯು ಔಷಧವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಅಲ್ಲಿಂದ ಗಾಮಾ ಕಿರಣಗಳೂ ಹೆಚ್ಚು ಬರುತ್ತವೆ. ಗಾಮಾ ಕ್ಯಾಮರಾ ಎದೆಯ ಸುತ್ತ ಸಾಮಾನ್ಯವಾಗಿ 180 ಡಿಗ್ರಿ ತಿರುಗುತ್ತಾ, 10–20 ನಿಮಿಷ ಹಲವು ಕೋನಗಳಿಂದ ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಜೋಡಿಸುತ್ತದೆ. ಆರೋಗ್ಯವಂತರ ಎಡ ಹೃತ್ಕುಕ್ಷಿಯ ಅಡ್ಡಸೀಳಿಕೆ ಉದ್ದಿನವಡೆಯ ಹಾಗೆ ತುಂಬಿದ ಉಂಗುರವಾಗಿ ಕಾಣುತ್ತದೆ.

ಮಾಡಿ ನೋಡಿ: ಹಾಳೆಯ ನಡುವೆ ಹುಣಸೆಬೀಜ ಇಡಿ. ಮೂರು ಅಂಚುಗಳಿಂದ ಬೀಜಕ್ಕೆ ಗುರಿಯಿಟ್ಟು ಒಂದೊಂದು ಗೆರೆ ಎಳೆಯಿರಿ. ಬೀಜ ತೆಗೆದು ಗೆರೆಗಳನ್ನು ಮುಂದುವರಿಸಿದರೆ ಮೂರೂ ಒಂದೇ ಕಡೆ ಕೂಡುತ್ತವೆ. ಈಗ ಇನ್ನೊಂದು ಹಾಳೆಯಲ್ಲಿ ಎರಡು ಗೆರೆ ಎಳೆದ ಮೇಲೆ, ಮೂರನೆಯ ಗೆರೆಗೆ ಅಡ್ಡವಾಗಿ ಬೀಜವನ್ನು ಒಂದು ಬೆರಳಗಲ ಸರಿಸಿ. ಗೆರೆಗಳು ಒಂದೇ ಕಡೆ ಕೂಡುವುದಿಲ್ಲ, ನೋಡಿ!

ಸ್ಕ್ಯಾನಿನಲ್ಲಿ ಆಗುವುದೂ ಇದೇ. ರೋಗಿ ನಡುವೆ ಸರಿದರೆ ಉಂಗುರದ ಒಂದು ಭಾಗ ಮಂಕಾಗಬಹುದು. ಅದು ರಕ್ತದ ಕೊರತೆಯಂತೆಯೇ ಕಾಣುತ್ತದೆ. ಹೃದಯ ಚೆನ್ನಾಗಿದ್ದವರಿಗೂ ಬೇಡದ ಆಂಜಿಯೋಗ್ರಾಂ ಮಾಡಿಸಬೇಕಾದೀತು. ಚಿತ್ರದ ಒಂದು ಚುಕ್ಕಿ ಸಾಮಾನ್ಯವಾಗಿ ಸುಮಾರು 6 ಮಿ.ಮೀ. ಅದಕ್ಕಿಂತ ಕಡಿಮೆ ಸರಿದರೆ ತೊಂದರೆ ಅಷ್ಟಿಲ್ಲ. ಎರಡು ಚುಕ್ಕಿಯಷ್ಟು ಸರಿದರೆ ಇಲ್ಲದ ದೋಷ ಕಾಣಿಸಬಹುದು.

ರೋಗಿ ಅಲ್ಲಾಡದೆಯೂ ಹೃದಯ ಸರಿಯುವುದುಂಟು. ವ್ಯಾಯಾಮದ ನಂತರ ಏದುಸಿರು ಬಿಡುವಾಗ ವಪೆ ಕೆಳಗಿಳಿದಿರುತ್ತದೆ. ಉಸಿರು ತಣ್ಣಗಾದಂತೆ ವಪೆಯ ಜೊತೆ ಹೃದಯವೂ ಮೆಲ್ಲಗೆ ಮೇಲೇರುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಕಾದು ಚಿತ್ರ ತೆಗೆಯುತ್ತಾರೆ.

ಪತ್ತೆ ಹಚ್ಚುವುದು ಹೇಗೆ? ಎಲ್ಲ ಕೋನದ ಚಿತ್ರಗಳನ್ನು ಸಿನಿಮಾದಂತೆ ಓಡಿಸುತ್ತಾರೆ. ಹೃದಯ ಒಮ್ಮೆಲೆ ಜಿಗಿದರೆ ರೋಗಿ ಅಲುಗಿದ್ದಾರೆ ಅಂತ ಗೊತ್ತಾಗುತ್ತದೆ. ಸಣ್ಣ ಜಿಗಿತವನ್ನು ಕಂಪ್ಯೂಟರ್ ಸರಿಪಡಿಸಬಲ್ಲದು. ದೊಡ್ಡದಾದರೆ ಮತ್ತೆ ಚಿತ್ರ ತೆಗೆಯುತ್ತಾರೆ. ಸೆಸ್ಟಾಮಿಬಿಯಂಥ ಔಷಧ ಸ್ನಾಯುವಿನಲ್ಲೇ ಕೆಲವು ಗಂಟೆ ನಿಲ್ಲುವುದರಿಂದ ಇನ್ನೊಮ್ಮೆ ಚುಚ್ಚಬೇಕಾಗಿಲ್ಲ.

ನಿಮ್ಮ ಮನೆಯ ಅಜ್ಜನೋ ಅಜ್ಜಿಯೋ ಇಂಥ ಸ್ಕ್ಯಾನಿಗೆ ಹೊರಟರೆ ಹೇಳಿ: ಕೈಯನ್ನು ತಲೆಯ ಮೇಲಕ್ಕೆ ಇಟ್ಟುಕೊಂಡು ಮಲಗಬೇಕಾಗುತ್ತದೆ, ಭುಜ ನೋವಿದ್ದರೆ, ಕೆಮ್ಮಿದ್ದರೆ ಮೊದಲೇ ತಿಳಿಸಿ, ಉಸಿರು ಬಿಗಿಹಿಡಿಯದೆ ಸಹಜವಾಗಿ ಆಡಿಸುತ್ತಾ ಅಲುಗಾಡದೆ ಇರಿ.