ಬರಿದಾದ ಬೀದಿ ಮತ್ತು ಅಪಘಾತ: ಗೃಹನಿರ್ಬಂಧದ ಕಾಲದ ಮುಂಬಯಿ ಫೋರ್ಟ್

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಈಗ ಕೋಟೆಯಿಲ್ಲ. ೧೮೬೦ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರಿಯರನ ಆಡಳಿತಾವಧಿಯಲ್ಲಿ, ಅದರ ಗೋಡೆಗಳನ್ನು ಕೆಡವಲಾಯಿತು. ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳ ಹೆಸರು ಮಾತ್ರ ಉಳಿಯಿತು. ಅಲ್ಲಿಂದೀಚೆಗೆ ಈ ಪ್ರದೇಶದ ಬದುಕು ಹಗಲು ತುಂಬಿ ಇರುಳು ಬರಿದಾಗುವ ಲಯಕ್ಕೆ ಒಗ್ಗಿಕೊಂಡಿತು. ಬೆಳಗ್ಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಮತ್ತು ಚರ್ಚ್‌ಗೇಟ್ ನಿಲ್ದಾಣಗಳಿಂದ ಹೊರಬೀಳುವ ಜನಸಮೂಹ ದಾದಾಭಾಯಿ ನವರೋಜಿ ರಸ್ತೆಯಲ್ಲಿ, ಹುತಾತ್ಮ ಚೌಕದಲ್ಲಿ ಹರಡಿಕೊಂಡು ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಕನ್ನಡಿಗರ ಪಾಲಿಗೆ ಫೋರ್ಟ್ ಎಂದರೆ ಹಗಲೆಲ್ಲ ಹೋಟೆಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದು ಸಂಜೆ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತ ತಲೆಮಾರುಗಳ ನೆಲೆ. ೨೦೨೦ರ ಮಾರ್ಚ್ ೨೨ರ ಜನತಾ ಕರ್ಫ್ಯೂ ಮತ್ತು ಅದೇ ಮಧ್ಯರಾತ್ರಿ ಉಪನಗರ ರೈಲುಗಳು ನಿಂತದ್ದು, ಮರುದಿನ ರಾಜ್ಯದಾದ್ಯಂತ ಜಾರಿಗೊಂಡ ಸಂಚಾರ ನಿಷೇಧ, ೨೫ರಿಂದ ದೇಶಕ್ಕೆಲ್ಲ ಅನ್ವಯಿಸಿದ ಲಾಕ್‌ಡೌನ್, ಇವೆಲ್ಲ ಸೇರಿ ಈ ಲಯವನ್ನು ಒಮ್ಮೆಗೇ ನಿಲ್ಲಿಸಿದವು.

ವಾಹನವಿಲ್ಲದ ರಸ್ತೆಯಲ್ಲಿ ಅಪಘಾತವೂ ಇರಲಾರದು ಎಂಬುದು ಸಹಜವಾದ ನಿರೀಕ್ಷೆ. ಅದು ಎಷ್ಟರಮಟ್ಟಿಗೆ ನಿಜವಾಯಿತು ಎಂಬುದನ್ನು ಅಂಕಿಅಂಶಗಳಲ್ಲಿ ಪರಿಶೀಲಿಸಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ೨೦೧೯ರಲ್ಲಿ ದೇಶದಲ್ಲಿ ೪,೪೯,೦೦೨ ರಸ್ತೆ ಅಪಘಾತಗಳು ನಡೆದು ೧,೫೧,೧೧೩ ಮಂದಿ ಸತ್ತರು. ೨೦೨೦ರಲ್ಲಿ ಅಪಘಾತಗಳು ೩,೬೬,೧೩೮ಕ್ಕೂ ಸಾವುಗಳು ೧,೩೧,೭೧೪ಕ್ಕೂ ಇಳಿದವು. ಅಪಘಾತದ ಇಳಿಕೆ ಶೇಕಡ ೧೮.೫ರಷ್ಟು, ಸಾವಿನ ಇಳಿಕೆ ಶೇಕಡ ೧೨.೮ರಷ್ಟು ಮಾತ್ರ. ನೂರು ಅಪಘಾತಗಳಿಗೆ ಸಾಯುವವರ ಪ್ರಮಾಣ ೩೩.೭ರಿಂದ ೩೬ಕ್ಕೆ ಏರಿತು. ಮುಂದಿನ ವರ್ಷಗಳ ವರದಿಗಳಲ್ಲಿ ೨೦೨೦ರ ಸಾವಿನ ಸಂಖ್ಯೆ ಪರಿಷ್ಕೃತವಾಗಿ ೧,೩೮,೩೮೩ ಎಂದು ಕಾಣಿಸಿಕೊಂಡಿದೆ. ಅದನ್ನು ಒಪ್ಪಿದರೆ ಇಳಿಕೆ ಇನ್ನೂ ಸಣ್ಣದಾಗುತ್ತದೆ.

ಈ ಅಂತರದ ಅರ್ಥವನ್ನು ತಿಳಿಯಲು ಒಂದು ಸರಳ ಲೆಕ್ಕ ಸಾಕು. ಮಾರ್ಚ್ ೨೫ರಿಂದ ಮೇ ೩೧ರವರೆಗೆ ೬೮ ದಿನಗಳು. ಅಂದರೆ ವರ್ಷದ ಶೇಕಡ ೧೮.೬ ಭಾಗ. ಆ ದಿನಗಳಲ್ಲಿ ಒಬ್ಬರೂ ರಸ್ತೆಯಲ್ಲಿ ಸಾಯದೆ ಉಳಿದ ತಿಂಗಳುಗಳು ಎಂದಿನಂತೆ ನಡೆದಿದ್ದರೂ ಸಾವಿನ ಸಂಖ್ಯೆ ಸುಮಾರು ಅಷ್ಟೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಉಳಿದ ತಿಂಗಳುಗಳಾದರೂ ಎಂದಿನಂತೆ ಇರಲಿಲ್ಲ: ಶಾಲೆ ಕಾಲೇಜುಗಳು ಮುಚ್ಚಿದ್ದವು, ಕಚೇರಿಗಳು ಅರೆಬರೆಯಾಗಿ ತೆರೆದಿದ್ದವು. ಹಾಗಿದ್ದೂ ಸಾವು ಅಷ್ಟು ಇಳಿಯಲಿಲ್ಲ. ಸಂಚಾರ ಕುಗ್ಗಿದಷ್ಟು ಸಾವು ಕುಗ್ಗಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರಾಜ್ಯಗಳ ಮಟ್ಟದಲ್ಲಿಯೂ ಇದೇ ಚಿತ್ರ. ಮಹಾರಾಷ್ಟ್ರದಲ್ಲಿ ಅಪಘಾತಗಳು ೩೨,೯೨೫ರಿಂದ ೨೪,೯೭೧ಕ್ಕೆ, ಎಂದರೆ ಸುಮಾರು ಕಾಲುಭಾಗದಷ್ಟು, ಇಳಿದರೆ ಸಾವುಗಳು ೧೨,೭೮೮ರಿಂದ ೧೧,೫೬೯ಕ್ಕೆ ಮಾತ್ರ ಇಳಿದವು. ಇದು ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಕರ್ನಾಟಕದಲ್ಲಿ ಅಪಘಾತಗಳು ೪೦,೬೫೮ರಿಂದ ೩೪,೧೭೮ಕ್ಕೂ ಸಾವುಗಳು ೧೦,೯೫೮ರಿಂದ ೯,೭೬೦ಕ್ಕೂ ಇಳಿದವು. ಮುಂಬಯಿ ನಗರದಲ್ಲಿ ೨೦೧೯ರಲ್ಲಿ ಸುಮಾರು ೨,೯೦೦ ಅಪಘಾತಗಳಲ್ಲಿ ೪೫೦ರಷ್ಟು ಜನ ಸತ್ತಿದ್ದರೆ, ೨೦೨೦ರಲ್ಲಿ ಸುಮಾರು ೧,೮೦೦ ಅಪಘಾತಗಳಲ್ಲಿ ಸತ್ತವರು ೩೫೦ರಷ್ಟು. ಇಲ್ಲಿ ಒಂದು ಎಚ್ಚರ ಅಗತ್ಯ. ಪೊಲೀಸರು ನಾಕಾಬಂದಿಯಲ್ಲಿ, ಆಸ್ಪತ್ರೆಗಳು ಸೋಂಕಿತರಲ್ಲಿ ಮುಳುಗಿದ್ದ ದಿನಗಳಲ್ಲಿ ಕೈಕಾಲು ತರಚಿದಂತಹ ಸಣ್ಣ ಅಪಘಾತಗಳು ದಾಖಲಾಗದೆ ಉಳಿದಿರುವುದು ಸಾಧ್ಯ. ಸಾವನ್ನು ಹಾಗೆ ಮರೆಮಾಡಲಾಗದು. ಆದ್ದರಿಂದ ಪ್ರಮಾಣದ ಏರಿಕೆಯಲ್ಲಿ ಒಂದು ಪಾಲು ದಾಖಲಾತಿಯ ದೋಷವೆಂದು ಹೇಳಬಹುದು. ಇಡಿಯಾಗಿ ಹಾಗೆನ್ನುವುದು ಕಷ್ಟ. ದಾಖಲಾತಿ ವ್ಯವಸ್ಥೆ ಬಿಗಿಯಾಗಿರುವ ಅಮೆರಿಕದಲ್ಲಿ ೨೦೨೦ರಲ್ಲಿ ವಾಹನಗಳು ಓಡಿದ ಒಟ್ಟು ದೂರ ಹಿಂದಿನ ವರ್ಷಕ್ಕಿಂತ ಶೇಕಡ ಹತ್ತಕ್ಕೂ ಮಿಕ್ಕಿ ಕಡಿಮೆಯಾಗಿತ್ತು. ಸತ್ತವರ ಸಂಖ್ಯೆ ಮಾತ್ರ ೩೬,೦೦೦ದ ಆಸುಪಾಸಿನಿಂದ ೩೮,೦೦೦ವನ್ನು ದಾಟಿತು. ಅಲ್ಲಿ ಇಳಿಕೆಯೇ ಆಗಲಿಲ್ಲ.

ಕಾರಣವನ್ನು ವೇಗದಲ್ಲಿ ಹುಡುಕಬೇಕು. ವಾಹನದ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದು ಶಾಲೆಯ ಭೌತಶಾಸ್ತ್ರದ ಪಾಠ. ಸ್ವೀಡನ್ನಿನ ಗೋರಾನ್ ನಿಲ್ಸನ್ ರಸ್ತೆಗಳ ಅಂಕಿಅಂಶಗಳಿಂದ ಇದನ್ನು ಮುಂದಕ್ಕೊಯ್ದು, ಪ್ರಾಣಾಂತಿಕ ಅಪಘಾತಗಳು ಸರಾಸರಿ ವೇಗದ ನಾಲ್ಕನೆಯ ಘಾತದಂತೆ ಏರುತ್ತವೆ ಎಂಬ ಸೂತ್ರವನ್ನು ಮಂಡಿಸಿದರು. ಸರಾಸರಿ ವೇಗ ಶೇಕಡ ಐದರಷ್ಟು ಏರಿದರೆ ಅಂತಹ ಅಪಘಾತಗಳು ಶೇಕಡ ಇಪ್ಪತ್ತರಷ್ಟು ಏರುತ್ತವೆ. ಈ ಹಿನ್ನೆಲೆಯಲ್ಲಿ ಮುಂಬಯಿಯ ದಟ್ಟಣೆಗೆ ಬೇರೊಂದು ಅರ್ಥ ಬರುತ್ತದೆ. ಫೋರ್ಟಿನ ಬೀದಿಗಳಲ್ಲಿ ಹಗಲು ಹೊತ್ತು ವಾಹನಗಳು ಆಮೆನಡಿಗೆಯಲ್ಲಿ ಸಾಗುತ್ತವೆ ಎಂದು ಎಲ್ಲರೂ ಗೊಣಗುವುದುಂಟು. ಆ ಆಮೆನಡಿಗೆಯೇ ಪಾದಚಾರಿಯ ರಕ್ಷಣೆಯೂ ಆಗಿತ್ತು. ನೂಕುನುಗ್ಗಲಿನಲ್ಲಿ ತಾಗಿದ ವಾಹನ ಮೊಣಕಾಲು ಮುರಿಯಬಹುದು, ತೆರವಾದ ರಸ್ತೆಯಲ್ಲಿ ಧಾವಿಸಿ ಬಂದ ವಾಹನ ತಲೆಯನ್ನೇ ಒಡೆಯುತ್ತದೆ. ಮುಂಬಯಿಯಲ್ಲಿ ರಸ್ತೆಯಲ್ಲಿ ಸಾಯುವವರಲ್ಲಿ ಪಾದಚಾರಿಗಳೂ ದ್ವಿಚಕ್ರ ವಾಹನದವರೂ ಸೇರಿ ಬಹುಪಾಲಾಗುತ್ತಾರೆಂಬುದನ್ನು ಇದರೊಡನೆ ಸೇರಿಸಿಕೊಳ್ಳಬೇಕು. ಕಾರಿನೊಳಗಿನವನಿಗೆ ಲೋಹದ ಕವಚವಿದೆ, ಇವರಿಗೆ ಅದಿಲ್ಲ.

೨೦೨೦ರ ಆಗಸ್ಟ್ ಕೊನೆಯಲ್ಲಿ, ನಿರ್ಬಂಧಗಳು ಹಂತಹಂತವಾಗಿ ಸಡಿಲಗೊಳ್ಳುತ್ತಿದ್ದಾಗ, ಫೋರ್ಟಿನ ಉತ್ತರದ ಅಂಚಿನ ಕ್ರಾಫರ್ಡ್ ಮಾರುಕಟ್ಟೆಯ ಬಳಿ ರಾತ್ರಿ ವೇಗವಾಗಿ ಬಂದ ಕಾರೊಂದು ಉಪಾಹಾರಗೃಹದ ಮುಂದಿದ್ದವರ ಮೇಲೆ ನುಗ್ಗಿತು. ನಾಲ್ವರು ಸತ್ತರು. ಸಾಮಾನ್ಯ ದಿನಗಳಲ್ಲಿ ಆ ಹೊತ್ತಿಗೆ ಆ ಕೂಡುರಸ್ತೆ ಕೈಗಾಡಿ, ಟ್ಯಾಕ್ಸಿ, ಬಸ್ಸುಗಳಿಂದ ಕಿಕ್ಕಿರಿದಿರುತ್ತದೆ. ಅಲ್ಲಿ ವೇಗವೆಂಬ ಮಾತೇ ಏಳುವುದಿಲ್ಲ.

ಈ ಬೀದಿಗಳ ಚರಿತ್ರೆಯಲ್ಲಿ ಹಿಂದೊಂದು ಸಾಂಕ್ರಾಮಿಕವೂ ಅಡಗಿದೆ. ೧೮೯೬ರ ಸೆಪ್ಟೆಂಬರಿನಲ್ಲಿ ಫೋರ್ಟಿಗೆ ಉತ್ತರದ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ನಗರದ ಲಕ್ಷಾಂತರ ಜನ ಊರುಬಿಟ್ಟರು. ಅಂದು ಹುಟ್ಟಿದ ೧೮೯೭ರ ಸಾಂಕ್ರಾಮಿಕ ರೋಗಗಳ ಅಧಿನಿಯಮವನ್ನೇ ೨೦೨೦ರ ಮಾರ್ಚ್‌ನಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಮತ್ತೆ ಬಳಸಿದವು. ೧೮೯೮ರಲ್ಲಿ ಸ್ಥಾಪಿತವಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಇಕ್ಕಟ್ಟಾದ ವಸತಿಗಳನ್ನು ಕೆಡವಿ, ಸಮುದ್ರದ ಗಾಳಿ ಒಳಗೆ ಬರಲೆಂದು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳಂತಹ ಅಗಲವಾದ ಬೀದಿಗಳನ್ನು ತೆರೆಯಿತು. ಅಂದಿನ ನಗರದಲ್ಲಿ ಟ್ರಾಮನ್ನು ಎಳೆಯುತ್ತಿದ್ದುದು ಕುದುರೆಗಳು. ವಿದ್ಯುತ್ ಟ್ರಾಮ್ ಬಂದದ್ದು ೧೯೦೭ರಲ್ಲಿ. ಒಂದು ರೋಗದ ಭಯ ತೆರೆದ ರಸ್ತೆಗಳನ್ನು ನೂರಿಪ್ಪತ್ತು ವರ್ಷಗಳ ಮೇಲೆ ಇನ್ನೊಂದು ರೋಗದ ಭಯ ಬರಿದುಮಾಡಿತು. ಅಷ್ಟರಲ್ಲಿ ಅವುಗಳ ಮೇಲೆ ಓಡುವ ವಾಹನ ಬೇರೆಯಾಗಿತ್ತು. ೨೦೧೩ರಲ್ಲಿ ತೆರೆದ ಈಸ್ಟರ್ನ್ ಫ್ರೀವೇಯಂತೂ ಚೆಂಬೂರಿನ ಕಡೆಯಿಂದ ಬರುವ ಕಾರುಗಳನ್ನು ತಡೆಯಿಲ್ಲದೆ ಫೋರ್ಟಿನ ಮಗ್ಗುಲಿಗೆ ತಂದು ಬಿಡುತ್ತದೆ.

ಮುಂಬಯಿಯ ಮಟ್ಟಿಗೆ ರಸ್ತೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಅಪೂರ್ಣವಾಗುತ್ತದೆ. ಇಲ್ಲಿನ ಸಂಚಾರದ ಬೆನ್ನೆಲುಬು ಉಪನಗರ ರೈಲು. ಸಾಂಕ್ರಾಮಿಕಕ್ಕೆ ಮುನ್ನ ದಿನಕ್ಕೆ ೭೫ ಲಕ್ಷಕ್ಕೂ ಹೆಚ್ಚು ಪ್ರಯಾಣ ಅದರಲ್ಲಿ ನಡೆಯುತ್ತಿತ್ತು. ಹಳಿ ದಾಟುವಾಗ, ತುಂಬಿದ ಡಬ್ಬಿಯಿಂದ ಬಿದ್ದು, ಇತರ ಕಾರಣಗಳಿಂದಲೂ ಸೇರಿ ೨೦೧೯ರಲ್ಲಿ ಸತ್ತವರು ೨,೫೦೦ಕ್ಕೂ ಹೆಚ್ಚು. ನಗರದ ರಸ್ತೆಗಳು ತೆಗೆದುಕೊಂಡ ಬಲಿಗೆ ಇದು ಐದು ಪಟ್ಟಿಗಿಂತ ಹೆಚ್ಚು. ೨೦೨೦ರಲ್ಲಿ ಈ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಗೃಹನಿರ್ಬಂಧ ನಿಜವಾಗಿ ಜೀವಗಳನ್ನು ಉಳಿಸಿದ್ದು ಹಳಿಗಳ ಮೇಲೆ. ಯಾಕೆಂದರೆ ರೈಲಿನಲ್ಲಿ ದಟ್ಟಣೆಯೇ ಕೊಲ್ಲುತ್ತದೆ, ರಸ್ತೆಯಲ್ಲಿ ದಟ್ಟಣೆಯ ಅಭಾವ ಕೊಲ್ಲುತ್ತದೆ.

ರೈಲು ನಿಂತದ್ದಕ್ಕೆ ಇನ್ನೊಂದು ಪರಿಣಾಮವೂ ಇತ್ತು. ೨೦೨೦ರ ಜೂನ್ ೧೫ರಿಂದ ಅಗತ್ಯ ಸೇವೆಯವರಿಗೆ, ಅಕ್ಟೋಬರ್ ೨೧ರಿಂದ ಮಹಿಳೆಯರಿಗೆ, ೨೦೨೧ರ ಫೆಬ್ರವರಿ ೧ರಿಂದ ನಿಗದಿತ ವೇಳೆಗಳಲ್ಲಿ ಎಲ್ಲರಿಗೂ ಲೋಕಲ್ ರೈಲು ತೆರೆಯಿತು. ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿ, ಎರಡು ಲಸಿಕೆ ಪಡೆದವರಿಗೆ ಆಗಸ್ಟ್ ೧೫ರಿಂದ ದೊರೆಯಿತು. ಈ ನಡುವೆ ಕಚೇರಿ, ಅಂಗಡಿಗಳು ತೆರೆದಿದ್ದರೂ ರೈಲಿನ ಬಾಗಿಲು ಮುಚ್ಚಿದ್ದ ಜನ ಡೊಂಬಿವಲಿ, ವಸಾಯಿಗಳಿಂದ ಬಸ್ಸಿಗೆ ಗಂಟೆಗಟ್ಟಲೆ ಕಾದು, ಇಲ್ಲವೆ ಸ್ಕೂಟರಿನಲ್ಲಿ ಫೋರ್ಟಿಗೆ ಬಂದರು. ಅಷ್ಟು ದೂರದ ದ್ವಿಚಕ್ರ ಪ್ರಯಾಣ ರೈಲಿನ ಪ್ರಯಾಣಕ್ಕಿಂತ ಹೆಚ್ಚು ಅಪಾಯದ್ದು ಎಂಬುದಕ್ಕೆ ವಿವರಣೆ ಬೇಕಿಲ್ಲ. ಸಂಚಾರವನ್ನು ತಡೆಯಲು ಹೂಡಿದ ಉಪಾಯಗಳೂ ಹಲವು. ಜೂನ್ ಕೊನೆಯಲ್ಲಿ ಮನೆಯಿಂದ ಎರಡು ಕಿಲೋಮೀಟರಿಗಿಂತ ದೂರ ಹೋಗಬಾರದೆಂಬ ಆಜ್ಞೆ ಹೊರಟು ಸಾವಿರಾರು ವಾಹನಗಳು ಜಪ್ತಿಯಾದವು. ಕೆಲವೇ ದಿನಗಳಲ್ಲಿ ಅದು ಸಡಿಲವಾಯಿತು. ೨೦೨೧ರ ಏಪ್ರಿಲ್‌ನಲ್ಲಿ ವೈದ್ಯಕೀಯ ಸೇವೆಗೆ ಕೆಂಪು, ಆಹಾರ ಪದಾರ್ಥಗಳಿಗೆ ಹಸಿರು, ಉಳಿದ ಅಗತ್ಯ ಸೇವೆಗಳಿಗೆ ಹಳದಿ ಎಂದು ವಾಹನಗಳಿಗೆ ಚೀಟಿ ಅಂಟಿಸುವ ಕ್ರಮ ಬಂದು ಒಂದು ವಾರದೊಳಗೆ ಕೈಬಿಟ್ಟಿತು. ವಾಹನ ಹೊರಡಬಹುದೇ ಎಂಬುದನ್ನು ಇವು ಕೇಳುತ್ತಿದ್ದವೇ ಹೊರತು ಹೊರಟ ವಾಹನ ಹೇಗೆ ಓಡುತ್ತದೆ ಎಂಬುದನ್ನು ಕೇಳುತ್ತಿರಲಿಲ್ಲ.

‘ಮನೆಯಲ್ಲೇ ಇರಿ’ ಎಂಬ ಆಜ್ಞೆಯ ಇನ್ನೊಂದು ಮುಖವನ್ನೂ ಫೋರ್ಟ್ ಕಂಡಿತು. ೨೦೨೦ರ ಜುಲೈ ೧೬ರಂದು, ಮಳೆಯ ನಡುವೆ, ಪ್ರಧಾನ ಅಂಚೆ ಕಚೇರಿಯ ಸಮೀಪದ ಹಳೆಯ ಭಾನುಶಾಲಿ ಕಟ್ಟಡದ ಒಂದು ಭಾಗ ಕುಸಿದು ಹತ್ತು ಮಂದಿ ಸತ್ತರು. ರಸ್ತೆ ಅಪಘಾತದ ಪಟ್ಟಿಗೆ ಇದು ಸೇರದು. ಆದರೆ ಮನೆಯೇ ಸುರಕ್ಷಿತವಾಗಿರದ ಜನ ಈ ನಗರದಲ್ಲಿದ್ದಾರೆಂಬುದನ್ನು ಮರೆತು ಗೃಹನಿರ್ಬಂಧದ ಲಾಭನಷ್ಟ ಎಣಿಸಲಾಗದು.

ಮನೆಯೇ ಇಲ್ಲದವರ, ಎಂದರೆ ದುಡಿಮೆಯ ಜಾಗವೇ ಮಲಗುವ ಜಾಗವಾಗಿದ್ದವರ ಪಾಡು ಇನ್ನೂ ಕಠಿಣ. ಹೋಟೆಲು ಮುಚ್ಚಿದಾಗ ಹೋಟೆಲು ಕಾರ್ಮಿಕ ಊಟವನ್ನೂ ಸೂರನ್ನೂ ಒಟ್ಟಿಗೆ ಕಳೆದುಕೊಂಡ. ಕರಾವಳಿಯ ಉಡುಪಿ, ದಕ್ಷಿಣ ಕನ್ನಡದವರು, ಮಂಡ್ಯದ ಕೃಷ್ಣರಾಜಪೇಟೆ ಕಡೆಯವರು ೨೦೨೦ರ ಮೇ ತಿಂಗಳಲ್ಲಿ ಸೇವಾಸಿಂಧು ಜಾಲತಾಣದಲ್ಲಿ ಪರವಾನಗಿ ಪಡೆದು ಬಾಡಿಗೆಯ ಕಾರು ಬಸ್ಸುಗಳಲ್ಲಿ ಕೊಲ್ಹಾಪುರ, ನಿಪ್ಪಾಣಿಯ ದಾರಿಯಾಗಿ ಊರಿಗೆ ಹೊರಟರು. ಮೇ ೧೮ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರ ಪ್ರವೇಶವನ್ನು ತಿಂಗಳ ಕೊನೆಯವರೆಗೆ ತಡೆಯಿತು. ಉತ್ತರದ ಕಡೆಗೆ ಹೊರಟವರಿಗೆ ಕಾರು ಬಸ್ಸುಗಳೂ ದುರ್ಲಭವಾದವು. ಮೇ ೮ರ ಮುಂಜಾನೆ ಜಾಲ್ನಾ ಮತ್ತು ಔರಂಗಾಬಾದ್ ನಡುವೆ ಹಳಿಯ ಮೇಲೆ ಮಲಗಿದ್ದ ೧೬ ಕಾರ್ಮಿಕರು ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು. ಮೇ ೧೪ರಂದು ಮಹಾರಾಷ್ಟ್ರದಿಂದ ಉತ್ತರ ಪ್ರದೇಶಕ್ಕೆ ಲಾರಿಯಲ್ಲಿ ಹೋಗುತ್ತಿದ್ದ ಎಂಟು ಮಂದಿ ಮಧ್ಯಪ್ರದೇಶದ ಗುನಾ ಬಳಿ, ಮೇ ೧೬ರಂದು ಉತ್ತರ ಪ್ರದೇಶದ ಔರೈಯಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೀಗೆಯೇ ತೀರಿಹೋದರು. ಗೃಹನಿರ್ಬಂಧ ಅಪಘಾತಗಳನ್ನು ಇಳಿಸಿತೆಂಬ ಹೇಳಿಕೆಯ ಪಕ್ಕದಲ್ಲಿ ಅದು ಹುಟ್ಟಿಸಿದ ಈ ಸಾವುಗಳನ್ನೂ ಇಡಬೇಕು. ಹಳಿಯ ಮೇಲೆ ಸತ್ತ ಹದಿನಾರು ಮಂದಿ ರಸ್ತೆಯ ಲೆಕ್ಕಕ್ಕೆ ಬರುವುದೂ ಇಲ್ಲ.

ಗಾಯಗೊಂಡವನು ಬದುಕುವುದು ಆಸ್ಪತ್ರೆಯ ದೂರವನ್ನೂ ಅವಲಂಬಿಸಿದೆ. ಫೋರ್ಟಿನ ಸೇಂಟ್ ಜಾರ್ಜ್ ಆಸ್ಪತ್ರೆ, ಹತ್ತಿರದ ಗೋಕುಲದಾಸ ತೇಜಪಾಲ್ ಆಸ್ಪತ್ರೆ ಎರಡೂ ೨೦೨೦ರಲ್ಲಿ ಕೋವಿಡ್ ಚಿಕಿತ್ಸೆಗೆ ಮೀಸಲಾದವು. ಕಾಸರಗೋಡಿನ ಕನ್ನಡಿಗರು ಇದೇ ಸಂಗತಿಯನ್ನು ಬೇರೆ ರೂಪದಲ್ಲಿ ಅನುಭವಿಸಿದರು. ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿದ್ದ ಅವರ ದಾರಿ ತಲಪಾಡಿಯಲ್ಲಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು, ಆಂಬುಲೆನ್ಸುಗಳು ಹಿಂದಿರುಗಿದವು, ಕೆಲವು ರೋಗಿಗಳು ದಾರಿಯಲ್ಲೇ ಸತ್ತರು. ಏಪ್ರಿಲ್ ೧ರಂದು ಕೇರಳ ಉಚ್ಚ ನ್ಯಾಯಾಲಯ ತಡೆ ತೆಗೆಯಿಸಲು ಆದೇಶಿಸಿತು; ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಒಪ್ಪಂದದಲ್ಲಿ ಮುಗಿಯಿತು.

ಇಷ್ಟನ್ನೂ ಕನ್ನಡವು ‘ಅಪಘಾತ’ ಎಂಬ ಒಂದೇ ಮಾತಿನಲ್ಲಿ ಹಿಡಿಯುತ್ತದೆ. ಮರಾಠಿಯಲ್ಲಿಯೂ ಅದೇ ಮಾತು, ಅದೇ ಅರ್ಥ. ‘ಆಕಸ್ಮಿಕ’ ಎಂಬ ಪದದ ಒಡಲಲ್ಲಿ ಕಾರಣವಿಲ್ಲದ್ದು ಎಂಬ ಭಾವವಿದೆ. ‘ಅಪಘಾತ’ದಲ್ಲಿ ಹೊಡೆತವಿದೆ; ಹೊಡೆತವಿದ್ದಲ್ಲಿ ಹೊಡೆದದ್ದೂ ಇರಬೇಕು. ಇಂಗ್ಲಿಷಿನ ಸಮಾನಪದ ಆಕಸ್ಮಿಕತೆಯ ಕಡೆಗೆ ವಾಲುತ್ತದೆಂಬ ಕಾರಣಕ್ಕೆ ಬ್ರಿಟಿಷ್ ಮೆಡಿಕಲ್ ಜರ್ನಲ್ ೨೦೦೧ರಲ್ಲಿಯೇ ಅದನ್ನು ತನ್ನ ಪುಟಗಳಿಂದ ಕೈಬಿಡಲು ನಿರ್ಧರಿಸಿತು. ಕನ್ನಡದ ಪತ್ರಿಕಾಭಾಷೆಗೆ ಪದವನ್ನು ಬಿಡುವ ಅಗತ್ಯವಿಲ್ಲ, ಅದರ ಧಾತುವನ್ನು ನೆನೆದರೆ ಸಾಕು. ‘ಲಾರಿ ಪಲ್ಟಿ’, ‘ನಿಯಂತ್ರಣ ತಪ್ಪಿ’ ಎಂಬ ವಾಕ್ಯಗಳಲ್ಲಿ ಕರ್ತೃವೂ ವೇಗವೂ ರಸ್ತೆಯ ರಚನೆಯೂ ಮರೆಯಾಗುತ್ತವೆ.

ನಿರ್ಬಂಧಗಳು ತೆರವಾದ ಮೇಲೆ ದೇಶದಲ್ಲಿ ೨೦೨೧ರಲ್ಲಿ ೧,೫೩,೯೭೨, ೨೦೨೨ರಲ್ಲಿ ೧,೬೮,೪೯೧ ಮಂದಿ ರಸ್ತೆಗಳಲ್ಲಿ ಸತ್ತರು. ಎರಡೂ ೨೦೧೯ರ ಸಂಖ್ಯೆಯನ್ನು ಮೀರಿದವು. ೨೦೨೧ರಲ್ಲಿ ಅಪಘಾತಗಳು ೪,೧೨,೪೩೨. ಅಂದರೆ ೨೦೧೯ಕ್ಕಿಂತ ಕಡಿಮೆ ಅಪಘಾತಗಳಲ್ಲಿ ಹೆಚ್ಚು ಜನ ಸತ್ತಿದ್ದರು. ನೂರಕ್ಕೆ ೩೬ ಇದ್ದ ಪ್ರಮಾಣ ಆ ವರ್ಷ ೩೭ನ್ನು ದಾಟಿತ್ತು.